ಎಡಗಡೆ ನಿಂತ ಹೆಂಗಸು

ಸರ್ಕಾರಿ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ ಇಪ್ಪತ್ತೆಂಟು ವರ್ಷ ದಣಿವೆನ್ನದೆ ದುಡಿದವರು. ಹಳ್ಳಿ ಶಾಲೆಗಳಲ್ಲಿ ಬೆಂಚು ಸರಿಸಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತಪಾಸಣೆ ನಡೆಸುತ್ತಿದ್ದರು. ಪೊರೆ ಬಂದವರನ್ನು ವ್ಯಾನಿನಲ್ಲಿ ಕರೆತಂದು, ಆಪರೇಷನ್ ಮಾಡಿ ಮನೆ ಮುಟ್ಟಿಸುತ್ತಿದ್ದರು.

ದೃಷ್ಟಿ ಪೂರ್ತಿ ಹೋದ ಕೆಲವರು ಅವರ ಕಿವಿಯಲ್ಲಷ್ಟೇ ಒಂದು ಗುಟ್ಟು ಹೇಳುತ್ತಿದ್ದರು: ಗೋಡೆಯ ಪಕ್ಕ ಯಾರೋ ನಿಂತಿರುತ್ತಾರೆ, ಮಾತಾಡುವುದಿಲ್ಲ.

"ಅಲ್ಲಿ ಯಾರೂ ಇಲ್ಲ ಅಜ್ಜಿ. ಕಣ್ಣು ಕೆಲ್ಸ ಬಿಟ್ರೂ ತಲೆ ಸುಮ್ನಿರಲ್ಲ, ತಾನೇ ಚಿತ್ರ ಬಿಡ್ಸುತ್ತೆ. ನಿಮಗೆ ಹುಚ್ಚು ಹಿಡಿದಿಲ್ಲ" ಎಂದು ಅವರು ಧೈರ್ಯ ತುಂಬುತ್ತಿದ್ದರು.

ಒಂದು ಮಧ್ಯಾಹ್ನ ನಾಲ್ಕನೆಯ ಆಪರೇಷನ್ ಮುಗಿಸಿ ತಲೆಯೆತ್ತಿದಾಗ, ಎಡಗಡೆ ಬಾಗಿಲ ಬಳಿ ಬೂದು ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಳು.

"ಸಿಸ್ಟರ್, ಚಪ್ಪಲಿ ಹಾಕ್ಕೊಂಡವ್ರನ್ನ ಯಾಕೆ ಒಳಗೆ ಬಿಟ್ರಿ?"

"ಯಾರನ್ನ ಮೇಡಂ? ಬಾಗಿಲು ಹಾಕೇ ಇದೆಯಲ್ಲ."

ಡಾಕ್ಟರಮ್ಮ ಕತ್ತು ತಿರುಗಿಸಿದರು. ಯಾರೂ ಇರಲಿಲ್ಲ. ಮುಂದೆ ನೋಡಿದರು. ಅವಳು ಮತ್ತೆ ಅಲ್ಲೇ ಇದ್ದಳು.

"ಮುಂದಿನವ್ರನ್ನ ಕರೀಬೇಡಿ" ಎಂದವರೇ ಗ್ಲೌಸ್ ಕಳಚಿ, ನೋಟದ ವಿಸ್ತಾರ ಅಳೆಯುವ ಯಂತ್ರಕ್ಕೆ ಗಲ್ಲ ಆನಿಸಿ ಕೂತರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅವರ ಬೆರಳು ಬಹಳ ಹೊತ್ತು ಸುಮ್ಮನಿತ್ತು. ಹೊರಬಂದ ಕಾಗದದ ಎಡಭಾಗವೆಲ್ಲ ಕಪ್ಪು. ಕಣ್ಣಿನೊಳಗಿನ ಒತ್ತಡ ಏರಿ ನರ ಕೆಡಿಸುವ ಗ್ಲಾಕೋಮಾ ಸದ್ದಿಲ್ಲದೆ ಅಷ್ಟು ನೋಟವನ್ನೂ ನುಂಗಿತ್ತು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ರೋಗಿಗಳನ್ನು ಬೈಯುತ್ತಿದ್ದವರು ತಮ್ಮ ಕಣ್ಣನ್ನು ಒಮ್ಮೆಯೂ ತೋರಿಸಿಕೊಂಡಿರಲಿಲ್ಲ.

ಸಿಸ್ಟರ್ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ ಮೇಡಂ. ನೀವು ಕಣ್ಮುಚ್ಚಿಕೊಂಡೂ ಆಪರೇಷನ್ ಮಾಡ್ತೀರಿ."

"ಅದೇ ಭಯ ಕಣಮ್ಮ" ಎಂದು ಡಾಕ್ಟರಮ್ಮ ನಕ್ಕರು. ಅಂದೇ ಆಪರೇಷನ್ ಚಾಕು ಕೆಳಗಿಟ್ಟರು, ಮತ್ತೆ ಮುಟ್ಟಲಿಲ್ಲ.

ಮನೆಯಲ್ಲಿ ಗಂಡ ಎಲ್ಲ ಕೇಳಿಸಿಕೊಂಡು, "ಈಗ್ಲೂ ಇದಾಳಾ?" ಎಂದರು.

"ನಿಮ್ಮ ಹಿಂದೇನೇ."

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಡಾಕ್ಟರಮ್ಮ ಆಸ್ಪತ್ರೆ ಬಿಡಲಿಲ್ಲ. ಕಣ್ಣಿನ ಒತ್ತಡ ಅಳೆಯುವುದನ್ನು ನರ್ಸುಗಳಿಗೆ ಕಲಿಸಿ ಹಳ್ಳಿಗಳಿಗೆ ಕಳಿಸಿದರು. ಸಂಜೆ ಹೊತ್ತು, ಇಲ್ಲದವರನ್ನು ಕಾಣುವವರ ಜೊತೆ ಕೂರುತ್ತಿದ್ದರು. ಯಾರೂ ಇಲ್ಲ ಎಂಬ ಮಾತು ಈಗ ಅವರ ಬಾಯಿಂದ ಬರುತ್ತಿರಲಿಲ್ಲ. "ಎಷ್ಟು ಜನ? ಯಾವ ಕಡೆ?" ಎಂದು ಕೇಳುತ್ತಿದ್ದರು.

ಒಂದು ದಿನ ದೃಷ್ಟಿ ಹೋದ ನಿವೃತ್ತ ಬಸ್ ಡ್ರೈವರ್ ಒಬ್ಬರು ಅವರ ಕೈ ಬಿಗಿಯಾಗಿ ಹಿಡಿದರು. "ಗೋಡೆ ಹತ್ರ ಇರೋರು ಇಷ್ಟು ದಿನ ಬೆನ್ನು ಹಾಕಿ ನಿಂತಿದ್ರು ಮೇಡಂ. ನಿನ್ನೆಯಿಂದ ನನ್ ಕಡೆ ತಿರುಗಿದಾರೆ."



"ತಿರುಗ್ಲಿ ಬಿಡಿ ಅಣ್ಣ, ನಾನಿಲ್ಲೇ ಕೂತಿರ್ತೀನಿ" ಎಂದು ಡಾಕ್ಟರಮ್ಮ ಅವರ ಪಕ್ಕಕ್ಕೆ ಸರಿದು ಕೂತರು.