ಕ್ಷಯದ ಮಾತ್ರೆ ನುಂಗಿದ ಟಗರು

ಕ್ಷಯದ ಮಾತ್ರೆಯನ್ನು ಟಗರಿಗೆ ನುಂಗಿಸಿದವನನ್ನು ಇವತ್ತು ತುರುವನೂರಿನ ಹತ್ತಿರ ನೋಡಿದೆ, ಗೆಳೆಯರೇ. ರೋಗಿಗಳ ಮನೆಗೆ ಹೋಗಿ ಮಾತ್ರೆ ತಗೊಂಡರಾ ಎಂದು ವಿಚಾರಿಸುವುದು ನನ್ನ ಕೆಲಸ. ಹಾಗೆ ವಿಚಾರಿಸಿದ್ದಕ್ಕೆ ಕುರಿ ಕಾಯುವ ಕರಿಯಣ್ಣ ಹಲ್ಲು ಕಿರಿದ. "ನನ್ ಕೆಮ್ಮು ನಿಂತೈತೆ ಮೇಡಂ. ಟಗರು ಕೆಮ್ತಿತ್ತು, ಉಳಿದಿದ್ದು ಅದಕ್ಕೆ ಹಾಕ್ದೆ."

"ಅರ್ಧಕ್ಕೆ ಬಿಟ್ರೆ ರೋಗ ಮಾತ್ರೆಗೆ ಬಗ್ಗಲ್ಲ ಕರಿಯಣ್ಣ! ಅಂಥ ರೋಗಾನೇ ಮನೆಯವರಿಗೂ ಅಂಟುತ್ತೆ!" ಎಂದು ರೇಗಿದೆ.

"ಟಗರಿಗೆ ಒಂದಿನಾನೂ ತಪ್ಸಿಲ್ಲ ಮೇಡಂ!"

ಅಷ್ಟರಲ್ಲಿ ಅವನ ಹೆಂಡತಿ ರತ್ನಮ್ಮ, ಕುರಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಹಿಡಿದು ಹೊರಬಂದಳು. "ಮೇಡಂ, ನೀವು ಇವರ ತಲೆ ಗಟ್ಟಿಯಾಗಿ ಹಿಡ್ಕಳ್ರಿ. ನಾನು ಹಾಕ್ತೀನಿ."

ಕರಿಯಣ್ಣ ಚಪ್ಪಲಿ ಮೆಟ್ಟಿ, ಮತ್ತೆ ಕಫ ಪರೀಕ್ಷೆಗೆಂದು ಆಸ್ಪತ್ರೆಗೆ ಹೊರಟೇಬಿಟ್ಟ.

ನಾಳೆಯಿಂದ ನನ್ನ ಚೀಲದಲ್ಲೂ ಒಂದು ಗೊಟ್ಟ ಇರುತ್ತದೆ.