ನಕ್ಷೆಯಲ್ಲಿ ಇಲ್ಲದ ಒರತೆ

ಕಾರ್ಕಳದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಒಂದು ಕಾಲದ ಬೇಟೆಗಾರ. ಘಟ್ಟ ಹತ್ತಲು ಹೊರಟಿದ್ದ ನಾನು, ಯಾವುದು ಒಳ್ಳೆಯದೆಂದು ಕೇಳಲು ಮೂರು ನಕ್ಷೆಗಳನ್ನು ಅವರೆದುರು ಹರಡಿದೆ. ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ: "ನೀರು ಎಲ್ಲಿ ಉಂಟು ಮಾರಾಯ?"

ಕೊನೆಗೆ ಎತ್ತರ ತೋರಿಸುವ ಗೆರೆಗಳಿದ್ದ ನಕ್ಷೆಯನ್ನು ಆರಿಸಿ, ಬೆರಳಿನಲ್ಲೇ ಘಟ್ಟ ಹತ್ತತೊಡಗಿದರು. ಗೆರೆಗಳು ಒತ್ತೊತ್ತಾಗಿ ಏರು ಕಡಿದಾದಲ್ಲಿ ಬೆರಳು ನಿಂತು ದಣಿವಾರಿಸಿಕೊಂಡಿತು.

"ಇಲ್ಲೊಂದು ಒರತೆ ಉಂಟು. ನಾನೂ ನನ್ನ ನಾಯಿಯೂ ಒಟ್ಟಿಗೆ ಕುಡಿಯುತ್ತಿದ್ದೆವು. ಇದರಲ್ಲಿ ಇಲ್ಲ ಅಲ್ವಾ?" ಪೆನ್ಸಿಲ್ ಕೇಳಿ ಒಂದು ಚುಕ್ಕಿ ಇಟ್ಟರು. "ಈಗ ಉಂಟು."

"ನೀವೂ ಬನ್ನಿ ಅಜ್ಜ" ಎಂದೆ. ಮೊಣಕಾಲು ಸವರಿಕೊಂಡು ನಕ್ಕರು.

ಅವರಿಲ್ಲದ ಈ ದಿನಗಳಲ್ಲಿ ಇಡೀ ಘಟ್ಟ ನನ್ನ ಮೊಬೈಲಿನಲ್ಲಿದೆ, ಆ ಒರತೆಯೊಂದಿಲ್ಲ. ಕಾಗದದ ಮೇಲಿನ ಚುಕ್ಕಿ ಮಾಸುತ್ತಿದೆ. ಅದರ ಮೇಲೆ ಪೆನ್ನು ಆಡಿಸಲು ಮನಸ್ಸು ಬರುವುದಿಲ್ಲ. ಆಡಿಸಿದರೆ ಅದು ನನ್ನ ಚುಕ್ಕಿಯಾಗುತ್ತದೆ.