ಶುಕ್ರವಾರ ಮಾತ್ರ ಸ್ಟಾರ್ಟ್ ಆಗುತ್ತಿದ್ದ ಕಾರು

ತಂಗಿಯ ಮಗಳು ಟೆಸ್ಟಿನಲ್ಲಿ ಮೊದಲ ಸಲಕ್ಕೇ ಕಂಬಗಳ ನಡುವೆ ಕಾರಿನಲ್ಲಿ ‘ಎಚ್’ ಹಾಕಿ, ಒಂದು ಕಂಬಕ್ಕೂ ತಾಗಿಸದೆ ಲೈಸೆನ್ಸ್ ಪಾಸು ಮಾಡಿಕೊಂಡು ಬಂದ ದಿನ ಮನೆಯಲ್ಲಿ ಪಾಯಸ. ನನಗೆ ಮಾತ್ರ ಊಟ ಸೇರಲಿಲ್ಲ. ನೋಟು ರದ್ದಾದ ಮರುವರ್ಷದ ಮಾತು ಇದು. ಅವಳಿಗೆ ಕುಂಬಳೆ ಹತ್ತಿರದ ಅನಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ವರ್ಕಾಡಿಯಿಂದ ಅಲ್ಲಿಗೆ ಹೋಗಿಬರಲು ಬಸ್ಸು ಬದಲಿಸಿ ಬದಲಿಸಿ ಹುಡುಗಿ ಅರ್ಧ ಆಗಿದ್ದಳು. ಕಾರು ಬೇಕೇ ಬೇಕಿತ್ತು.

ಮೂವತ್ತು ವರ್ಷ ಜೀಪು ಓಡಿಸಿದವನಿಗೆ ಎಂತ ಹೆದರಿಕೆ ಎಂದು ಜನ ನಗುತ್ತಿದ್ದರು. ಓಡಿಸಿದವನಿಗೇ ಹೆದರಿಕೆ, ಮಾರಾಯರೇ. ಹಿಂದೆ ನೇತಾಡುವವರನ್ನೂ ಸೇರಿಸಿ ಇಪ್ಪತ್ತು ಜನರನ್ನು ಹೊತ್ತು ಈ ಗುಡ್ಡ ಇಳಿದವನಿಗೆ ಎಲ್ಲಿ ಏನಾಗಬಹುದು ಎಂದು ಗೊತ್ತಿರುತ್ತದೆ. ಸಾಲದ್ದಕ್ಕೆ ಅವಳ ಅಪ್ಪ, ನನ್ನ ಭಾವ, ಹೆದ್ದಾರಿಯಲ್ಲೇ ಬೈಕಿನಿಂದ ಬಿದ್ದು ತೀರಿಕೊಂಡವನು. ತಂಗಿ ಪಾಯಸ ಬಡಿಸುತ್ತಾ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ್ದಳು: “ಅಣ್ಣಾ, ನೀನು ನೋಡಿ ಅಡ್ಡಿಯಿಲ್ಲ ಅಂತ ಹೇಳಿದ ಕಾರಲ್ಲಿ ಮಾತ್ರ ಅವಳು ಕೂರ್ಲಿ.”

ಆಮೇಲೆ ಒಂದು ತಿಂಗಳು ನನ್ನ ಉಪದ್ರ ಅವಳಿಗೆ ಸಾಕುಬೇಕಾಯಿತು. ಕುಂಬಳೆಯಲ್ಲಿ ನೋಡಿದ ಕೆಂಪು ಕಾರು ಅವಳಿಗೆ ಇಷ್ಟವಾಗಿತ್ತು. ಹಿಂದಿನ ಗಾಜು ಕಿರಿದು, ರಿವರ್ಸಿನಲ್ಲಿ ಮಕ್ಕಳು ಕಾಣುವುದಿಲ್ಲ ಎಂದು ಬೇಡವೆಂದೆ. ಇನ್ನೊಂದರ ಬಾಗಿಲು ಹಾಕುವಾಗಿನ ಶಬ್ದ ನನಗೆ ಸರಿಬರಲಿಲ್ಲ. ಮತ್ತೊಂದು ಪೈಂಟ್ ಹೊಡೆಸಿಕೊಂಡ ಅಪಘಾತದ ಗಾಡಿ ಎಂದು ದೂರದಿಂದಲೇ ಗೊತ್ತಾಯಿತು. ಮಾವನಿಗೆ ಕಾರು ನೋಡುವುದೋ ಹೆಣ್ಣು ನೋಡುವುದೋ ಎಂದು ಅವಳು ಗೊಣಗಿದಳು. ನನಗೂ ಸಿಟ್ಟು ಬಂತು. ಸಾಯುವುದು ಕಾರಲ್ಲ, ನೀನು ಎಂದುಬಿಟ್ಟೆ.

ಕೊನೆಗೆ ಸಿಕ್ಕಿದ್ದು ಪುತ್ತಿಗೆಯ ಹಾಜಿಯೊಬ್ಬರ ಅಂಗಳದಲ್ಲಿದ್ದ ಬಿಳಿ ಕಾರು. ಅವರ ಮಗ ದುಬೈಯಲ್ಲಿ. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬಂದಾಗ ಓಡಿಸಿ, ಉಳಿದ ಹನ್ನೊಂದು ತಿಂಗಳು ಬಟ್ಟೆ ಮುಚ್ಚಿ ಇಟ್ಟದ್ದು. ನಮ್ಮ ಕಡೆ ‘ಗಲ್ಫಿನವರ ಕಾರು’ ಎಂದರೆ ಮುಗಿಯಿತು, ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆರು ವರ್ಷದ ಗಾಡಿಯ ಸೀಟಿನಲ್ಲಿ ಇನ್ನೂ ಹೊಸತರ ವಾಸನೆ ಇತ್ತು. ಟಯರಿನ ಹಲ್ಲು ಒಂದಿಷ್ಟೂ ಸವೆದಿರಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ತಾನೇ ಸ್ಟಾರ್ಟ್ ಮಾಡುತ್ತೇನೆ ಎಂದು ಹಾಜಿಯವರು ಕೀ ತಿರುಗಿಸಿದರು. ಎಂಜಿನು ಒಂದೇ ಮಾತಿಗೆ ಎದ್ದಿತು. ನಾನು ಪುತ್ತಿಗೆಯ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆ. ಬ್ರೇಕಿನ ಪೆಡಲ್ ಕೊಂಚ ಮೆತ್ತಗಿತ್ತು. ಇಟ್ಟಲ್ಲೇ ಇದ್ದ ಗಾಡಿಯಲ್ಲವೇ, ನಾಲ್ಕು ದಿನ ಓಡಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎಂದು ತಂಗಿಗೆ ಫೋನು ಮಾಡಿದ್ದೂ ನಾನೇ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದ್ದು ಮೂವತ್ತು ವರ್ಷದ ಡ್ರೈವರ್.

ಹಾಜಿಯವರು ಒಳ್ಳೆಯವರು. ಎರಡು ದಿನ ಓಡಿಸಿ ನೋಡಿ, ಆಮೇಲೆ ಪೇಪರ್ ಮಾಡುವ ಎಂದು ಕೀ ಕೊಟ್ಟರು.

ಮರುದಿನ ಬೆಳಿಗ್ಗೆ ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕುಳಿತೆ. ನಮ್ಮ ಮನೆಯ ಹತ್ತಿರದ ಗುಡ್ಡ ಇಳಿಯುವಾಗ ಮೊದಲ ತಿರುವಿನಲ್ಲಿ ಅವಳು ಬ್ರೇಕ್ ಒತ್ತಿದಳು. ಎರಡನೆಯ ತಿರುವಿಗೆ ಮೊದಲು ಇನ್ನೊಮ್ಮೆ ಒತ್ತಿದಳು.

“ಮಾವ, ಬ್ರೇಕ್ ಹಿಡಿಯುದಿಲ್ಲ.”

ಕೆಳಗೆ ಬಸ್ ಸ್ಟಾಪಿನಲ್ಲಿ ಬೀಡಿ ಕಟ್ಟು ಹಿಡಿದುಕೊಂಡು ಹೆಂಗಸರು ನಿಂತಿರುವುದು ಕಾಣುತ್ತಿತ್ತು. ನನ್ನ ಬಲಗಾಲು ಚಾಪೆಯನ್ನು ಒತ್ತುತ್ತಲೇ ಇತ್ತು, ಅಲ್ಲಿ ಪೆಡಲ್ ಇರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದೆ. ಅದು ಕೈಯಲ್ಲಿ ಸುಮ್ಮನೆ ಮೇಲೆ ಬಂತು. ಸೆಕೆಂಡ್ ಗೇರಿಗೆ ಹಾಕು ಎಂದು ಹೇಳಬೇಕು, ಬಾಯಿಯಲ್ಲಿ ಎಂಜಲಿಲ್ಲ. ಅವಳೇ ಹಾಕಿದಳು. ಎಂಜಿನು ಕೂಗಿತು. ಮತ್ತೆ ಫಸ್ಟ್. ಎಡಕ್ಕೆ ತಿರುಗಿಸಿ ಗುಡ್ಡ ಕಡಿದ ಕೆಂಪು ಮುರಕಲ್ಲಿನ ಗೋಡೆಗೆ ಕಾರಿನ ಪಕ್ಕೆಯನ್ನು ಉಜ್ಜಿಕೊಂಡೇ ನಿಲ್ಲಿಸಿದಳು. ಸ್ಟಾಪಿಗೆ ಇನ್ನು ಒಂದು ಬಸ್ಸಿನ ಉದ್ದದಷ್ಟೇ ದೂರ ಇತ್ತು.

ಅವಳು ಎಂಜಿನು ಆರಿಸಿದಳು. ಆಮೇಲೆ ಅವಳು ನನ್ನ ಕಡೆ ನೋಡದೆ ಕೇಳಿದಳು: “ನೀವು ಇದನ್ನು ಇಳಿಜಾರಲ್ಲಿ ಓಡಿಸಿ ನೋಡಿದ್ದೀರಾ?”

ಇಲ್ಲ ಎಂದೆ. ಪೆಡಲ್ ಮೆತ್ತಗಿದ್ದದ್ದನ್ನೂ ಹೇಳಿದೆ. ಹೇಳದಿದ್ದರೆ ಆ ಸೀಟಿನಿಂದ ಏಳಲು ನನಗೆ ಆಗುತ್ತಿರಲಿಲ್ಲ.

ಬ್ರೇಕಿನೊಳಗಿನ ರಬ್ಬರು ಸತ್ತುಹೋಗಿದೆ, ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಕಡಿದಿದೆ, ಟಯರು ಒಳಗಿಂದ ಒಡೆದಿದೆ ಎಂದ ಮೆಕ್ಯಾನಿಕ್. ಇದನ್ನು ನೋಡಿ ತೆಗೆಸಿದ ಪುಣ್ಯಾತ್ಮ ಯಾರು ಎಂದೂ ಕೇಳಿದ. ನಾನು ಪಾನಾ ಎತ್ತಿ ನೋಡುವವನ ಹಾಗೆ ಆ ಕಡೆ ತಿರುಗಿದೆ. ಹಾಜಿಯವರಿಗೆ ಸುದ್ದಿ ಹೇಳಿದಾಗ ಪಾಪ, ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಪ್ರತಿ ಶುಕ್ರವಾರ ಎಂಜಿನು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಒಳಗೆ ಕೂರುತ್ತಿದ್ದರಂತೆ. ಮಗನ ಹತ್ತಿರ ಕುಳಿತ ಹಾಗಾಗುತ್ತಿತ್ತಂತೆ. ಮಗ ಹೋದ ಮೇಲೆ ಚಕ್ರ ಮಾತ್ರ ಒಂದು ಗೇಣೂ ಉರುಳಿರಲಿಲ್ಲ.

ಮುಂದಿನ ಕಾರನ್ನು ಅವಳೇ ಹುಡುಕಿದಳು. ದಿನಾ ಶಾಲೆಗೆ ಓಡಿಸುತ್ತಿದ್ದ ಟೀಚರೊಬ್ಬರದ್ದು. ಬಂಪರಿಗೆ ಗೀರು, ಸೀಟಿಗೆ ಚಾಕ್ ಪುಡಿ, ಮೀಟರಿನಲ್ಲಿ ಲಕ್ಷದ ಮೇಲೆ. ನೇರ ಅದೇ ಗುಡ್ಡದ ತಲೆಗೆ ತಂದು ನಿಲ್ಲಿಸಿ ನನ್ನನ್ನು ಇಳಿಯಲು ಹೇಳಿದಳು. ನಾನು ಇಳಿಯಲಿಲ್ಲ. ಒಬ್ಬಳನ್ನೇ ಬಿಡುವುದು ಹೇಗೆ?

“ನೀವು ಪಕ್ಕದಲ್ಲಿದ್ರೆ ನಾನು ನಿಮ್ಮನ್ನು ನಂಬಿ ಓಡಿಸ್ತೇನೆ ಮಾವ,” ಎಂದಳು. “ಅದು ಬೇಡ.”

ಇಳಿದೆ. ಕಾರು ಮೊದಲ ತಿರುವಿನಲ್ಲಿ ಕಣ್ಮರೆಯಾಯಿತು. ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಭಾವನ ಸುದ್ದಿ ತಂಗಿಗೆ ಹೇಳಿದ್ದೂ ನಾನೇ. ಆ ಮಾತು ಮತ್ತೆ ನಾಲಗೆಯ ತುದಿಗೆ ಬಂದು ಕುಳಿತ ಹಾಗಾಯಿತು. ಕೆಳಗೆ ಎಲ್ಲೋ ಎಂಜಿನು ನಿಂತಿತು. ಮತ್ತೆ ಎದ್ದಿತು. ಗುಡ್ಡ ಹತ್ತುವ ಸದ್ದು ಹತ್ತಿರ ಬಂತು, ಆಮೇಲೆ ಗೀರು ಬಿದ್ದ ಬಂಪರು ಕಾಣಿಸಿತು. ಅವಳು ಬಾಗಿಲು ತೆರೆದು ಹತ್ತಿ ಎಂದಳು.

ಹತ್ತಲು ಕಾಲೆತ್ತಿದೆ. ಒತ್ತಿ ಒತ್ತಿ ಬಲಗಾಲಿನ ಚಪ್ಪಲಿ ಮಣ್ಣಿನಲ್ಲಿ ಹೂತಿತ್ತು, ಬರಲಿಲ್ಲ. ಅವಳು ಇಳಿದು ಬಂದು ಎಳೆದು ಕೊಟ್ಟಳು.